ಮನೆಯ ಮಾದರಿ ರೈಲಿನ ಸುತ್ತ ಬೆಟ್ಟ, ಕೆರೆ, ಸ್ಟೇಷನ್‌ಗಳನ್ನು ನಮ್ಮ ಸೀಮೆಯಂತೆಯೇ ಕಟ್ಟುವುದು ಹೇಗೆ?

ನೀವು 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಎಚ್‌ಒ ಸ್ಕೇಲಿನ (ಮಾದರಿ ರೈಲುಗಳ ಒಂದು ಪ್ರಮಾಣಿತ ಅಳತೆ) ಹಳಿ ಹಾಕಿದ್ದೀರಿ. ಗಾಡಿ ಸರಾಗವಾಗಿ ಓಡುತ್ತಿದೆ. ಈಗ ಸುತ್ತಲೂ ಬೆಟ್ಟ, ಕೆರೆ, ಮರ, ಸ್ಟೇಷನ್ ಬೇಕು, ಆದರೆ ಹೊರದೇಶದ ಕಿಟ್‌ಗಳು ದುಬಾರಿ, ಕೊಂಡರೂ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ನೋಟ ಬರುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಚಿಕ್ಕಬಳ್ಳಾಪುರದಲ್ಲಿದ್ದೇನೆ. ನಮ್ಮ ಮಹಡಿಯ ಕೋಣೆಯಲ್ಲೂ ಇಂಥದೇ ಒಂದು ಹಲಗೆ ಇದೆ, ಅದರ ಮೇಲಿನ ನೆಲ, ಬಂಡೆ, ಕಟ್ಟಡಗಳೆಲ್ಲ ಇಲ್ಲಿಯೇ ಸಿಗುವ ಸಾಮಾನಿನಿಂದ ಆದವು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಕಿಟ್‌ನ ಆಸೆ ಬಿಡಿ. ಮೊದಲು ನಮ್ಮ ನೆಲವನ್ನು ನೋಡಿ, ಅಳೆದು, ಅನಂತರ ಕೈಯಿಂದ ಕಟ್ಟಿ. ಅಳತೆಯ ಕೆಲಸ ಸರಿಯಾಗಿ ಆದರೆ ಕೈಚಳಕ ತಾನಾಗಿ ಬರುತ್ತದೆ. ಅಳತೆ ತಪ್ಪಿದರೆ ಎಷ್ಟು ಅಂದವಾಗಿ ಬಣ್ಣ ಬಳಿದರೂ ಅದು ಆಟಿಕೆಯಾಗಿಯೇ ಉಳಿಯುತ್ತದೆ.

ಯುರೋಪಿನ ಕಿಟ್‌ಗಳಲ್ಲಿ ಮನೆಯ ಚಾವಣಿ ಕಡಿದಾಗಿರುವುದು ಅಲ್ಲಿ ಹಿಮ ಬೀಳುತ್ತದೆ, ಅದು ಜಾರಿ ಹೋಗಬೇಕು ಎಂಬ ಕಾರಣಕ್ಕೆ. ಅಲ್ಲಿನ ಬೆಟ್ಟಗಳಿಗೆ ಚೂಪಾದ ಅಂಚುಗಳಿರುತ್ತವೆ, ಮರಗಳು ಶಂಕುವಿನ ಆಕಾರದಲ್ಲಿರುತ್ತವೆ. ನಮ್ಮಲ್ಲಿ ಎಲ್ಲವೂ ದುಂಡು ಮತ್ತು ಅಗಲ: ಬಂಡೆ ದುಂಡು, ಹೊಂಗೆಯ ನೆರಳು ದುಂಡು, ಕೆರೆ ಅಗಲ, ಚಾವಣಿ ಒಂದೋ ಸಮತಟ್ಟು ಇಲ್ಲವೇ ಮಂದವಾಗಿ ಇಳಿಯುವ ಹೆಂಚಿನದು. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ.

ಇನ್ನು ಅಳತೆಗೆ ಬರೋಣ. ಎಚ್‌ಒ ಎಂದರೆ ನಿಜವಾದ ಗಾತ್ರದ 87ರಲ್ಲಿ 1 ಭಾಗ. ನಿಜವಾದ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು 87ರಿಂದ ಭಾಗಿಸಿ. ಐದೂವರೆ ಅಡಿಯ ಮನುಷ್ಯ ಸುಮಾರು 19 ಮಿ.ಮೀ., 7 ಅಡಿ ಬಾಗಿಲು 24 ಮಿ.ಮೀ., ಹಳಿಯ ಮಟ್ಟದಿಂದ 840 ಮಿ.ಮೀ. ಎತ್ತರದ ಪ್ಲಾಟ್‌ಫಾರ್ಮ್ ಒಂಬತ್ತೂವರೆ ಮಿ.ಮೀ. ಆಗುತ್ತದೆ. ಮೊದಲ ಬಾರಿ ಕಟ್ಟುವವರು ಬಾಗಿಲನ್ನು ಎತ್ತರ ಮಾಡುವುದು, ತೆಂಗಿನ ಮರವನ್ನು ಗಿಡ್ಡ ಮಾಡುವುದು ಸಾಮಾನ್ಯ. 15 ಮೀಟರಿನ ತೆಂಗು ನಿಮ್ಮ ಹಲಗೆಯ ಮೇಲೆ 17 ಸೆಂ.ಮೀ. ಎತ್ತರ ನಿಲ್ಲಬೇಕು, ಅಂದರೆ ಸ್ಟೇಷನ್ ಕಟ್ಟಡದ ಎರಡು ಪಟ್ಟಿಗೂ ಹೆಚ್ಚು. ಇದನ್ನು ನೋಡಿದಾಗ ಮೊದಲು ವಿಚಿತ್ರವೆನಿಸಿದರೂ, ಗಾಡಿ ಅದರ ಬುಡದಲ್ಲಿ ಹಾದು ಹೋದಾಗ ಮಾತ್ರ ಊರು ಊರಾಗಿ ಕಾಣುತ್ತದೆ.

ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಸುತ್ತಲಿನ ಬಯಲಿನಿಂದ ಅದು 500 ಮೀಟರಿಗೂ ಹೆಚ್ಚು ಮೇಲೇಳುತ್ತದೆ. ಎಚ್‌ಒ ಸ್ಕೇಲಿನಲ್ಲಿ ಅದು ಐದೂಮುಕ್ಕಾಲು ಮೀಟರಿಗೂ ಮಿಗಿಲು; ಮನೆಯ ಚಾವಣಿಯನ್ನೇ ದಾಟುತ್ತದೆ. ಅಂಥ ಬೆಟ್ಟವನ್ನು ಒಂದಡಿ ಎತ್ತರದ ದಿಬ್ಬವಾಗಿ ಹಲಗೆಯ ಮೂಲೆಯಲ್ಲಿ ಕೂರಿಸಿದರೆ ಅದು ಬೆಟ್ಟದಂತೆ ಕಾಣದು. ಆದ್ದರಿಂದ ಬೆಟ್ಟವನ್ನು ಕಟ್ಟಬೇಡಿ, ಬೆಟ್ಟದ ಬುಡವನ್ನು ಕಟ್ಟಿ. ಹಳಿಯ ಪಕ್ಕದ ಗುಂಡುಗಳು, ಇಳಿಜಾರು, ಕುರುಚಲು ಗಿಡಗಳು ಇಷ್ಟನ್ನು ಸರಿಯಾದ ಅಳತೆಯಲ್ಲಿ ಮಾಡಿ, ಮೇಲಿನ ಬೆಟ್ಟವನ್ನು ಹಿನ್ನೆಲೆಯ ಚಿತ್ರಕ್ಕೆ ಬಿಡಿ. ನಿಮ್ಮ ಹಲಗೆಯ ಮಧ್ಯದಲ್ಲಿ, ಉದ್ದಕ್ಕೆ, ಒಂದಡಿ ಎತ್ತರದ ತೆಳು ಹಲಗೆಯನ್ನು ನಿಲ್ಲಿಸಿ ಎರಡೂ ಬದಿಗೆ ಚಿತ್ರ ಬರೆದರೆ, ಒಂದು ಕಡೆ ಸ್ಟೇಷನ್, ಇನ್ನೊಂದು ಕಡೆ ಕೆರೆ ಮತ್ತು ಬಂಡೆ ಎಂಬ ಎರಡು ಬೇರೆ ಬೇರೆ ನೋಟಗಳು ಸಿಗುತ್ತವೆ. ಗಾಡಿ ಒಂದರಿಂದ ಮರೆಯಾಗಿ ಇನ್ನೊಂದರಲ್ಲಿ ಬರುವುದರಿಂದ ದೂರ ಸಾಗಿ ಬಂದಂತೆಯೂ ಅನಿಸುತ್ತದೆ. ಚಿತ್ರದಲ್ಲಿ ಆಕಾಶ ಕೆಳಗೆ ಬಂದಂತೆಲ್ಲ ಬಿಳುಪಾಗಲಿ, ದೂರದ ಬೆಟ್ಟ ಬೂದುನೀಲಿಯಲ್ಲಿ ಮಂಕಾಗಿರಲಿ. ಅದರಲ್ಲಿ ಗೆರೆ ಸ್ಪಷ್ಟವಾದಷ್ಟೂ ಬೆಟ್ಟ ಹತ್ತಿರ ಬಂದು ನೋಟವನ್ನು ಕೆಡಿಸುತ್ತದೆ.

ಉದ್ದದ ವಿಷಯದಲ್ಲಿ ರಾಜಿ ಅನಿವಾರ್ಯ. ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ (ಐಸಿಎಫ್) ಮಾದರಿಯ ಬೋಗಿಯೊಂದು ಎಚ್‌ಒದಲ್ಲಿ ಸುಮಾರು 256 ಮಿ.ಮೀ. ಬರುತ್ತದೆ, 24 ಬೋಗಿಯ ಗಾಡಿ 6 ಮೀಟರ್ ಮೀರುತ್ತದೆ. ನಿಮ್ಮ ಹಲಗೆಗೆ ನಾಲ್ಕು ಬೋಗಿಯ ಪ್ಯಾಸೆಂಜರ್ ಸಾಕು, ಪ್ಲಾಟ್‌ಫಾರ್ಮೂ ಅಷ್ಟೇ ಇರಲಿ. ಆದರೆ ಉದ್ದವನ್ನು ಕುಗ್ಗಿಸಿದರೂ ಎತ್ತರವನ್ನು ಕುಗ್ಗಿಸಬೇಡಿ. ಐದು ಕಿಟಕಿಯ ಕಟ್ಟಡವನ್ನು ಮೂರು ಕಿಟಕಿಗೆ ಇಳಿಸಬಹುದು, ಕಿಟಕಿಯನ್ನೇ ಚಿಕ್ಕದು ಮಾಡುವಂತಿಲ್ಲ.

ಹಳಿಯ ಅಗಲದ ಬಗ್ಗೆಯೂ ಒಂದು ಮಾತು. ನೀವು ಹಾಕಿರುವ ಎಚ್‌ಒದ 16.5 ಮಿ.ಮೀ. ಹಳಿಯು 1,435 ಮಿ.ಮೀ. ಸ್ಟ್ಯಾಂಡರ್ಡ್ ಗೇಜಿನದು, ನಮ್ಮ 1,676 ಮಿ.ಮೀ. ಬ್ರಾಡ್‌ಗೇಜ್ ಎಚ್‌ಒದಲ್ಲಿ 19 ಮಿ.ಮೀ. ಮೀರಬೇಕು. ಈ ಕೊರತೆ ಜಲ್ಲಿಯನ್ನು ಅಗಲವಾಗಿ ಹರಡಿದರೆ ಅಷ್ಟಾಗಿ ಕಾಣಿಸುವುದಿಲ್ಲ. ಇನ್ನೊಂದು ದಾರಿ ನನಗೆ ಬಹಳ ಪ್ರಿಯವಾದದ್ದು. ಯಲಹಂಕದಿಂದ ಚಿಕ್ಕಬಳ್ಳಾಪುರ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಮೂಲಕ ಬಂಗಾರಪೇಟೆಗೆ 1910ರ ದಶಕದಲ್ಲಿ ಹಾಕಿದ ಹಳಿ 762 ಮಿ.ಮೀ. ನ್ಯಾರೋಗೇಜಿನದಾಗಿತ್ತು, ಚಿಕ್ಕಬಳ್ಳಾಪುರ–ಕೋಲಾರದ ಭಾಗ ಬ್ರಾಡ್‌ಗೇಜ್ ಆಗಿ ತೆರೆದದ್ದು 2013ರಲ್ಲಿ. 762ನ್ನು 87ರಿಂದ ಭಾಗಿಸಿದರೆ 8.76 ಬರುತ್ತದೆ, ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲಿನ 9 ಮಿ.ಮೀ. ಹಳಿ ಅದಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಹಲಗೆಯ ಒಂದು ಬದಿಯಲ್ಲಿ ಗಿಡ ಬೆಳೆದ ಹಳೆಯ ನ್ಯಾರೋಗೇಜ್ ಹಳಿಯ ತುಣುಕೊಂದನ್ನು ಓಡಿಸದೆ ಸುಮ್ಮನೆ ಹಾಕಿದರೂ ಈ ಸೀಮೆಯ ರೈಲಿನ ಇತಿಹಾಸ ಅಲ್ಲಿ ನೆಲೆಸುತ್ತದೆ.

ಬಂಡೆಯ ಕೆಲಸಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಈ ಸೀಮೆಯ ಗುರುತೇ ಅದು. ನಮ್ಮ ಕಣಶಿಲೆ (ಗ್ರಾನೈಟ್) ಬಿಸಿಲು ಮಳೆಗೆ ಮೇಲ್ಮೈಗೆ ಸಮಾನಾಂತರವಾಗಿ ಪದರ ಪದರವಾಗಿ ಕಳಚುತ್ತದೆ. ಸ್ಕಂದಗಿರಿಯಲ್ಲಾಗಲಿ, ಕೋಲಾರದ ಅಂತರಗಂಗೆಯಲ್ಲಾಗಲಿ, ಮಧುಗಿರಿಯಲ್ಲಾಗಲಿ ಬಂಡೆ ಬೋಳಾಗಿ, ದುಂಡಾಗಿ ಕಾಣುವುದಕ್ಕೆ ಕಾರಣ ಅದೇ. ಹಾಗಾಗಿ ಥರ್ಮಕೋಲನ್ನು ಚಾಕುವಿನಿಂದ ಕೊಚ್ಚಿ ಬಿಟ್ಟರೆ ಸಾಲದು. ಹಾಳೆಗಳನ್ನು ಒಂದರ ಮೇಲೊಂದು ಫೆವಿಕಾಲಿನಿಂದ ಅಂಟಿಸಿ, ಒಣಗಿದ ಮೇಲೆ ಕತ್ತರಿಸಿ, ಮರಳುಕಾಗದದಿಂದ ಉಜ್ಜಿ ದುಂಡಗೆ ಮಾಡಿ. ರಬ್ಬರ್ ಅಂಟು, ಸ್ಪ್ರೇ ಪೇಂಟ್ ಇವುಗಳಲ್ಲಿರುವ ದ್ರಾವಕ ಥರ್ಮಕೋಲನ್ನು ಕರಗಿಸುತ್ತದೆ, ಅವನ್ನು ಹತ್ತಿರಕ್ಕೂ ತರಬೇಡಿ. ಬಿಸಿ ತಂತಿಯಿಂದ ಕತ್ತರಿಸುವುದಾದರೆ ಕಿಟಕಿ ತೆರೆದಿಡಿ. ಆ ಹೊಗೆ ಒಳ್ಳೆಯದಲ್ಲ. ಇಳಿಜಾರಿನ ಜಾಗಕ್ಕೆ ಥರ್ಮಕೋಲೇ ಬೇಕೆಂದಿಲ್ಲ, ಹಳೆಯ ಪತ್ರಿಕೆಯ ಉಂಡೆಗಳನ್ನು ಇಟ್ಟು, ಔಷಧಿ ಅಂಗಡಿಯ ಗಾಜ್ ಬ್ಯಾಂಡೇಜನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರಿನಲ್ಲಿ ಅದ್ದಿ ಮೇಲೆ ಹೊದಿಸಿದರೆ ಗಟ್ಟಿಯಾದ, ಹಗುರವಾದ ಚಿಪ್ಪು ಸಿಗುತ್ತದೆ. ಪ್ಲಾಸ್ಟರನ್ನು ನೀರಿಗೆ ಹಾಕಿ ಕಲಸಿ. ಪ್ಲಾಸ್ಟರಿನ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ.

ಬಂಡೆಗೆ ತೆಳುವಾಗಿ ಪ್ಲಾಸ್ಟರ್ ಸವರಿ, ಅದು ಪೂರ್ತಿ ಗಟ್ಟಿಯಾಗುವ ಮುನ್ನ ಬಾಗಿದ ಬಿರುಕುಗಳನ್ನು ಮೊಂಡು ಚಾಕುವಿನಿಂದ ಎಳೆಯಿರಿ. ಬಣ್ಣದಲ್ಲಿ ಅವಸರ ಬೇಡ. ಒಂದೇ ಬೂದು ಬಣ್ಣ ಹಚ್ಚಿದರೆ ಸಿಮೆಂಟಿನ ಗೋಡೆಯಾಗುತ್ತದೆ. ಮೊದಲು ತಿಳಿ ಬೂದು, ಅದು ಒಣಗಿದ ಮೇಲೆ ಬಹಳ ನೀರು ಬೆರೆಸಿದ ಕಾವಿ ಮತ್ತು ಹಳದಿ ಮಣ್ಣಿನ ಬಣ್ಣವನ್ನು ಅಲ್ಲಲ್ಲಿ ಚಿಮುಕಿಸಿ. ಕೊನೆಗೆ ಇನ್ನೂ ತೆಳುವಾದ ಕಪ್ಪನ್ನು ಮೇಲಿನಿಂದ ತಾನಾಗಿ ಹರಿದು ಇಳಿಯಲು ಬಿಡಿ. ಮಳೆನೀರು ಇಳಿದ ದಾರಿಯಲ್ಲಿ ನಮ್ಮ ಬಂಡೆಗಳ ಮೇಲೆ ನಿಲ್ಲುವ ಕಪ್ಪು ಪಟ್ಟೆಗಳು ಹಾಗೆಯೇ ಮೂಡುತ್ತವೆ. ಆ ಪಟ್ಟೆಗಳು ಬಂದವೆಂದರೆ ಇದು ಯಾವ ಊರು ಎಂದು ಯಾರೂ ಕೇಳುವುದಿಲ್ಲ.

ನೆಲಕ್ಕೆ ನಮ್ಮ ಕೆಮ್ಮಣ್ಣನ್ನೇ ಬಳಸಿ. ಒಣಗಿದ ಮಣ್ಣನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಹುಳು, ಬೀಜಗಳನ್ನು ನಾಶಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಒದ್ದೆಯಾದಾಗ ಮಣ್ಣಿನ ಬಣ್ಣ ಗಾಢವಾಗುತ್ತದೆ, ಅಂಟಿನ ನೀರು ಒಣಗಿದ ಮೇಲೂ ತುಸು ಗಾಢವಾಗಿಯೇ ಉಳಿಯುತ್ತದೆ; ಆದ್ದರಿಂದ ಬೇಕಾದುದಕ್ಕಿಂತ ತಿಳಿಯಾದ ಮಣ್ಣನ್ನು ಆರಿಸಿಕೊಳ್ಳಿ. ಹಳಿಯ ಜಲ್ಲಿಗೆ ಎಂ-ಸ್ಯಾಂಡ್ ಅಥವಾ ಕ್ರಷರಿನ ಕಲ್ಲುಪುಡಿ ಸಾಕು. ರೈಲ್ವೆಯ ಜಲ್ಲಿ 65 ಮಿ.ಮೀ. ಒಳಗಿನದು, ಎಚ್‌ಒದಲ್ಲಿ ಅದು 0.75 ಮಿ.ಮೀ. ಮೀರಬಾರದು. ರವೆ ಜರಡಿಯಲ್ಲಿ ಒಮ್ಮೆ, ಅದಕ್ಕಿಂತ ಸಣ್ಣ ಜರಡಿಯಲ್ಲಿ ಇನ್ನೊಮ್ಮೆ ಹಿಡಿದು, ನಡುವೆ ಉಳಿದುದನ್ನು ತೆಗೆದುಕೊಳ್ಳಿ. ಆ ಪುಡಿಯ ಮೇಲೆ ಅಯಸ್ಕಾಂತವನ್ನು ತಪ್ಪದೆ ಆಡಿಸಿ; ಕಲ್ಲಿನಲ್ಲಿರುವ ಕಬ್ಬಿಣದ ಅಂಶದ ಕಣಗಳು ಎಂಜಿನ್ನಿನ ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಂಡರೆ ಮೋಟಾರು ಹಾಳಾಗುತ್ತದೆ. ಜಲ್ಲಿ ಹರಡಿ, ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆತ ನೀರನ್ನು ಸಿಂಪಡಿಸಿ, ಅನಂತರ ನೀರಾಗಿಸಿದ ಫೆವಿಕಾಲನ್ನು ಡ್ರಾಪರಿನಿಂದ ಬಿಡಿ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿನ ಚಲಿಸುವ ಪಟ್ಟಿಗಳ ಬಳಿ ಅಂಟು ಸುಳಿಯಬಾರದು.

ಸ್ಟೇಷನ್ನಿಗೆ ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ನಂದಿ ಹಾಲ್ಟನ್ನು ಮಾದರಿಯಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿಗಳ ಹಳೆಯ ಸ್ಟೇಷನ್ನುಗಳಂತೆ ಇದೂ ನ್ಯಾರೋಗೇಜ್ ಕಾಲದ, ನೂರು ವರ್ಷ ದಾಟಿದ, ಹೆಂಚಿನ ಚಾವಣಿಯ ಚಿಕ್ಕ ಕಟ್ಟಡ. ಚಿಕ್ಕದಾದ್ದರಿಂದ ಕುಗ್ಗಿಸದೆಯೇ ನಿಮ್ಮ ಹಲಗೆಯಲ್ಲಿ ಹಿಡಿಸುತ್ತದೆ. ಟಿಕೆಟ್ ಕೊಂಡು ಪ್ಲಾಟ್‌ಫಾರ್ಮಿನ ಮೇಲಿನಿಂದಲೇ ನೋಡಿ, ಸಿಬ್ಬಂದಿಯನ್ನು ಕೇಳಿ ಚಿತ್ರ ತೆಗೆದುಕೊಳ್ಳಿ. ಹಳಿಗೆ ಇಳಿಯುವುದು ಅಪಾಯವೂ ಹೌದು, ಅಪರಾಧವೂ ಹೌದು. ಒಂದು ಮೀಟರಿನ ಕೋಲಿಗೆ 10 ಸೆಂ.ಮೀ.ಗೊಂದು ಪಟ್ಟೆ ಬಳಿದು ಗೋಡೆಗೆ ಒರಗಿಸಿ ಚಿತ್ರ ತೆಗೆದರೆ, ಮನೆಯಲ್ಲಿ ಕುಳಿತು ಗೋಡೆಯ ಎಲ್ಲ ಅಳತೆಗಳನ್ನೂ ಲೆಕ್ಕ ಹಾಕಬಹುದು. ಗೋಡೆಗೆ 3 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಫೋಮ್ ಹಾಳೆ) ಒಳ್ಳೆಯದು, ಹಳೆಯ ಕಟ್ಟಡಗಳ ಗೋಡೆ ದಪ್ಪ, ಬಾಗಿಲು ಕಿಟಕಿಗಳು ಒಳಗೆ ಸರಿದು ಕೂತಿರುತ್ತವೆ, ಆ ನೆರಳೇ ಕಟ್ಟಡಕ್ಕೆ ತೂಕ ಕೊಡುತ್ತದೆ. ಹೆಂಚಿಗೆ ಐವರಿ ಶೀಟನ್ನು (ನುಣುಪಾದ ದಪ್ಪ ಕಾಗದ) ತೆಳು ಪಟ್ಟಿಗಳಾಗಿ ಕತ್ತರಿಸಿ, ಪಟ್ಟಿಗೆ 3 ಮಿ.ಮೀ.ಗೊಂದರಂತೆ ಗೆರೆ ಒತ್ತಿ, ಕೆಳಗಿನ ಸೂರಿನಿಂದ ಆರಂಭಿಸಿ ಒಂದರ ಮೇಲೊಂದು 4 ಮಿ.ಮೀ.ನಷ್ಟು ಕಾಣುವಂತೆ ಅಂಟಿಸಿ. ಇದಕ್ಕೆ ತಾಳ್ಮೆ ಬೇಕು, ಆದರೆ ಮುದ್ರಿಸಿದ ಹೆಂಚಿನ ಕಾಗದ ಎಂದೂ ಈ ನೋಟ ಕೊಡಲಾರದು. ಹೆಂಚೆಲ್ಲ ಒಂದೇ ಕೆಂಪಾಗಿರಬಾರದು. ಅಲ್ಲೊಂದು ಇಲ್ಲೊಂದು ಹೊಸದು, ಉಳಿದವು ಪಾಚಿ ಹಿಡಿದು ಕಪ್ಪಾದವು.

ಪ್ಲಾಟ್‌ಫಾರ್ಮಿನ ತುದಿಯ ಹಳದಿ ಫಲಕದಲ್ಲಿ ಕಪ್ಪು ಅಕ್ಷರದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರಲಿ, ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದೂ ಇರಲಿ. ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಈ ಫಲಕದತ್ತ. ಬೇಲಿಗೆ ತಂತಿಗಿಂತ ಕಲ್ಲುಚಪ್ಪಡಿಯ ಸಾಲು ನಮ್ಮ ಕಡೆಗೆ ಒಪ್ಪುತ್ತದೆ. ಬೂದು ಬಣ್ಣದ ರಟ್ಟಿನ ತುಂಡುಗಳನ್ನು ಸ್ವಲ್ಪ ವಾರೆಕೋರೆಯಾಗಿ ನೆಟ್ಟರಾಯಿತು. ಅದೇ ರಟ್ಟಿನ ಕಡ್ಡಿಗಳಿಂದ ಕಲ್ಲುಕಂಬ ನಿಲ್ಲಿಸಿ ಮೇಲೆ ದಾರದ ಬಲೆ ಎಳೆದರೆ ದ್ರಾಕ್ಷಿ ತೋಟವೂ ಸಿದ್ಧ.

ಮರಗಳಿಗೆ ಹಳೆಯ ವೈರಿನ ತಾಮ್ರದ ಎಳೆಗಳನ್ನು ಹೊಸೆದು ಕಾಂಡ ಮತ್ತು ಕೊಂಬೆ ಮಾಡಿ, ಫೆವಿಕಾಲ್ ಬೆರೆಸಿದ ಮರದ ಹೊಟ್ಟನ್ನು ತೊಗಟೆಯಾಗಿ ಮೆತ್ತಿ, ಪುಡಿಮಾಡಿ ಹಸಿರು ಬಣ್ಣ ಹಾಕಿದ ಸ್ಪಂಜನ್ನು ಎಲೆಯಾಗಿ ಅಂಟಿಸಿ. ಹೊಂಗೆಗೆ ಹೊಳೆಯುವ ಹಸಿರು, ಹುಣಸೆಗೆ ಮಂಕು ಹಸಿರು, ನೀಲಗಿರಿಗೆ ಬೂದು ಬೆರೆತ ಹಸಿರು ಮತ್ತು ಬಿಳಿ ಕಾಂಡ. ಋತುವನ್ನು ಮೊದಲೇ ನಿಶ್ಚಯಿಸಿಕೊಳ್ಳಿ: ರಾಗಿ ಹೊಲ ಹಸಿರಾಗಿದ್ದರೆ ಕೆರೆಯಲ್ಲಿ ನೀರಿರಬೇಕು, ರಾಗಿ ಕೊಯ್ದು ಮೆದೆ ಹಾಕಿದ್ದರೆ ಬದುವಿನ ಹುಲ್ಲು ಒಣಗಿರಬೇಕು.

ಕೆರೆಯಲ್ಲಿ ನೀರಿಗಿಂತ ಏರಿಯೇ ಮುಖ್ಯ. ಒಳಬದಿಗೆ ಕಲ್ಲು ಜೋಡಿಸಿದ ಮಣ್ಣಿನ ಏರಿ, ಅದರಲ್ಲಿ ಎರಡು ಕಲ್ಲುಕಂಬದ ತೂಬು, ಒಂದು ತುದಿಯಲ್ಲಿ ಕೋಡಿ, ಏರಿಯ ಕೆಳಗೆ ಗದ್ದೆ ಇಷ್ಟಿದ್ದರೆ ಒಂದಡಿ ಜಾಗದಲ್ಲೂ ಅದು ಕೆರೆಯೇ. ತಳಕ್ಕೆ ಅಂಚಿನಲ್ಲಿ ಕೆಮ್ಮಣ್ಣಿನ ಬಣ್ಣ, ನಡುವೆ ಕಡು ಹಸಿರುಕಂದು ಹಚ್ಚಿ, ಮೇಲೆ ಹೊಳಪಿನ ವಾರ್ನಿಷನ್ನು ಹಲವು ಪದರವಾಗಿ ಬಳಿಯಿರಿ. ನೀಲಿ ಬಣ್ಣ ಬೇಡ. ಎಪಾಕ್ಸಿ ರೆಸಿನ್ ಬಳಸುವುದಾದರೆ ಒಮ್ಮೆಗೆ 3 ಮಿ.ಮೀ.ಗಿಂತ ದಪ್ಪ ಸುರಿಯಬೇಡಿ, ಸುರಿಯುವ ಮೊದಲು ಸಂದುಗಳನ್ನೆಲ್ಲ ಮುಚ್ಚಿ. ಎಲ್ಲಿ ಸಣ್ಣ ತೂತಿದ್ದರೂ ಅದು ಕೆಳಗೆ ಸೋರುತ್ತದೆ.

ಹುಲ್ಲಿಗಾಗಿ ರಾಗಿ, ರವೆ, ಧಾನ್ಯದ ಹೊಟ್ಟು, ಒಣಗಿದ ಸೊಪ್ಪು ಇಂಥ ತಿನ್ನುವ ವಸ್ತುಗಳನ್ನು ಬಳಸಿದರೆ ಇರುವೆ, ಜಿರಲೆಗಳಿಗೆ ಆಹ್ವಾನ ಕೊಟ್ಟಂತೆ. ಬಣ್ಣ ಹಾಕಿದ ಮರದ ಪುಡಿಯೇ ಸಾಕು. ಬಣ್ಣ ಬೆರೆಸುವಾಗ ರೈಲು ಓಡಿಸುವ ಕೋಣೆಯ ದೀಪದ ಕೆಳಗೇ ಬೆರೆಸಿ, ಬಿಸಿಲಿನಲ್ಲಿ ಸರಿಯೆನಿಸಿದ ಕೆಮ್ಮಣ್ಣು ಬಿಳಿ ಎಲ್‌ಇಡಿಯ ಕೆಳಗೆ ಸಪ್ಪೆಯಾಗುತ್ತದೆ. ಬಂಡೆ, ಪ್ಲಾಟ್‌ಫಾರ್ಮ್, ಕಂಬ ಏನನ್ನೇ ಅಂಟಿಸುವ ಮೊದಲೂ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಆ ತಿರುವಿನಲ್ಲಿ ಕೈಯಿಂದ ತಳ್ಳಿ ನೋಡಿ: ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೂ ಎರಡು ತುದಿಗಳು ಹೊರಕ್ಕೂ ಚಾಚುತ್ತವೆ. ಬಂಡೆಯ ಬದಿಯಿಂದ ಆರಂಭಿಸಿ, ಅಲ್ಲಿ ಒಂದು ಅಡಿ ಉದ್ದದ ಭಾಗವನ್ನು ನೆಲ, ಜಲ್ಲಿ, ಗಿಡ ಸಹಿತ ಪೂರ್ತಿ ಮುಗಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಅಂಟು ಒಣಗಿದ ಕೂಡಲೇ ಹಳಿಯ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಗಾಡಿ ಓಡಿಸಿ ನೋಡಿ. ಎಲ್ಲಾದರೂ ಕಣ ಸಿಕ್ಕಿಕೊಂಡಿದ್ದರೆ ಆಗಲೇ ಕೀಳುವುದು ಸುಲಭ.