ಕೆಲಸ ಚೆನ್ನಾಗಿ ಗೊತ್ತಿದ್ರೆ ಸಾಲದಾ? ಸಾಫ್ಟ್ ಸ್ಕಿಲ್ಸ್ ಯಾಕೆ ಬೇಕು?

ಸಾಲದು. ಸಾಫ್ಟ್ ಸ್ಕಿಲ್ಸ್ ಅಂದರೆ ಜೊತೆಯವರಿಗೆ ಸರಿಯಾಗಿ ಹೇಳೋದು, ಅವರ ಮಾತು ಕೇಳೋದು, ಕೂಡಿ ಕೆಲಸ ಮಾಡೋದು. ಅದು ಯಾಕೆ ಬೇಕು ಅನ್ನೋದಕ್ಕೆ ವಿಮಾನದ ಕಾಕ್‌ಪಿಟ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

1978ರ ಡಿಸೆಂಬರ್ 28. ಅಮೆರಿಕದ ಪೋರ್ಟ್‌ಲ್ಯಾಂಡ್ ಮೇಲೆ ಯುನೈಟೆಡ್ ಏರ್‌ಲೈನ್ಸ್ ಕಂಪನಿಯ 173ನೇ ನಂಬರಿನ ವಿಮಾನ ಸುತ್ತು ಹಾಕುತ್ತಿತ್ತು. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಅಂತ ಅನುಮಾನ. ಕ್ಯಾಪ್ಟನ್ 27,000 ಗಂಟೆಗೂ ಜಾಸ್ತಿ ಹಾರಾಟ ನಡೆಸಿದವರು, ಆದರೆ ಅವರ ಗಮನವೆಲ್ಲ ಚಕ್ರದ ಮೇಲೇ. ಇಂಧನ ಕಡಿಮೆಯಾಗುತ್ತಿರುವುದು ಜೊತೆಯವರಿಗೆ ಗೊತ್ತಿತ್ತು. ಹೇಳಿದರು ಕೂಡ. ಆದರೆ ಕ್ಯಾಪ್ಟನ್ ತಲೆ ಎತ್ತಿ ನೋಡುವಷ್ಟು ಗಟ್ಟಿಯಾಗಿ ಹೇಳಲಿಲ್ಲ. ಇಂಧನ ಖಾಲಿಯಾಗಿ ವಿಮಾನ ಬಿತ್ತು, 10 ಜನ ಸತ್ತರು.

1981ರಲ್ಲಿ ಅದೇ ಯುನೈಟೆಡ್ ತನ್ನ ಪೈಲಟ್‌ಗಳಿಗೆ ಹೊಸ ತರಬೇತಿ ಶುರು ಮಾಡಿತು. ಕಿರಿಯರು ಅನುಮಾನವನ್ನು ನೇರವಾಗಿ ಹೇಳಬೇಕು, ಹಿರಿಯರು ಕಿವಿಗೊಡಬೇಕು. ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಹೆಸರಲ್ಲಿ ಇಂಥ ತರಬೇತಿ ಇವತ್ತು ಭಾರತದ ಪೈಲಟ್‌ಗಳಿಗೂ ಉಂಟು.

ಆಫೀಸಿನಲ್ಲೂ ಅಷ್ಟೇ. "ಸರ್, ಸ್ವಲ್ಪ ಲೇಟ್ ಆಗಬಹುದೇನೋ" ಅಂದರೆ ಮ್ಯಾನೇಜರ್ "ಹ್ಞೂಂ, ನೋಡಿ" ಅಂದು ಮರೆತುಬಿಡುತ್ತಾರೆ. "ಸರ್, ಪೇಮೆಂಟ್ ಪೇಜ್ ಟೆಸ್ಟ್ ಆಗಿಲ್ಲ. ಶುಕ್ರವಾರ ರಿಲೀಸ್ ಮಾಡಿದರೆ ತೊಂದರೆ ಆಗುತ್ತೆ, ಸೋಮವಾರಕ್ಕೆ ತಳ್ಳೋಣವಾ?" ಅಂದು ನೋಡಿ. ಸಮಸ್ಯೆ, ಪರಿಣಾಮ, ದಾರಿ ಮೂರೂ ಬಂತಲ್ವಾ? ಹೀಗೆ ಹೇಳೋದು ರೂಢಿಯಿಂದ ಬರುತ್ತದೆ, ಹುಟ್ಟುಗುಣ ಏನಲ್ಲ.

ಅಂದಹಾಗೆ, ಪಟಪಟ ಇಂಗ್ಲಿಷ್ ಮಾತಾಡೋದೇ ಸಾಫ್ಟ್ ಸ್ಕಿಲ್ ಅಂತ ಕೆಲವು ಕೋಚಿಂಗ್‌ನವರು ಸುಮ್ನೆ ದುಡ್ಡು ಕೀಳುತ್ತಾರೆ. ಮೇಲಿನ ಮಾತನ್ನು ಕನ್ನಡದಲ್ಲಿ ಹೇಳಿದರೂ ಕೆಲಸ ಆಗುತ್ತದೆ.