ಎರಡು ತೋಡಿ, ಒಂದು ಕಿವಿ: ಕಲಾವಿಮರ್ಶೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಶಾಲಾ ಶಿಕ್ಷಕ. ನಾಟಕಗಳ ಬಗ್ಗೆ ಆಗಾಗ ಬರೆಯುತ್ತೇನೆ. ಈಗ ಪತ್ರಿಕೆಯೊಂದು ಸಂಗೀತ ಕಛೇರಿ ಮತ್ತು ಚಿತ್ರಕಲಾ ಪ್ರದರ್ಶನಗಳ ವಿಮರ್ಶೆಯನ್ನೂ ಫ್ರೀಲ್ಯಾನ್ಸ್ ಆಗಿ ಬರೆದುಕೊಡಲು ಕೇಳಿದೆ. ಇವನ್ನು ಕ್ರಮವಾಗಿ ಕಲಿಯದ ನಾನು ಒಪ್ಪಿಕೊಳ್ಳಬಹುದೇ?
– ಓದುಗರು, ಸಿರುಗುಪ್ಪ

ಉತ್ತರ: ಒಪ್ಪಿಕೊಳ್ಳಿ. ಆದರೆ ಮೊದಲ ಒಂದು ವರ್ಷ ತೀರ್ಪಿಗಿಂತ ವರ್ಣನೆಗೆ ಹೆಚ್ಚು ಜಾಗ ಕೊಡಿ. ನಮ್ಮ ಕಡೆ ಕಛೇರಿಯ ಸುದ್ದಿ ಸಾಮಾನ್ಯವಾಗಿ ದೀಪ ಬೆಳಗಿಸಿದವರು, ಅಧ್ಯಕ್ಷತೆ ವಹಿಸಿದವರು, ವಂದಿಸಿದವರು ಎಂಬ ಹೆಸರುಗಳಲ್ಲೇ ಮುಗಿಯುತ್ತದೆ. ಗಾಯಕರು ಯಾವ ರಾಗ ಎತ್ತಿಕೊಂಡರು, ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಎಷ್ಟು ಹೊತ್ತು ನಿಂತರು, ತಬಲಾದವರು ಹೇಗೆ ಸಾಥ್ ಕೊಟ್ಟರು ಎಂಬುದು ಮರುದಿನಕ್ಕೆ ಉಳಿಯುವುದೇ ಇಲ್ಲ. ಅಷ್ಟನ್ನು ನಿಖರವಾಗಿ ಬರೆದರೂ ಇದುವರೆಗೆ ಇಲ್ಲಿ ಆಗದಿದ್ದ ಕೆಲಸವೊಂದನ್ನು ನೀವು ಮಾಡಿದಂತಾಗುತ್ತದೆ.

ಸಂಗೀತದಲ್ಲಿ ನಮ್ಮ ಭಾಗಕ್ಕೆ ವಿಶೇಷವಾದ ತೊಡಕೊಂದಿದೆ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿಯ ಹಳೆಯ ರಸಿಕರಲ್ಲಿ ಕರ್ನಾಟಕ ಸಂಗೀತದ ಕಿವಿಯೂ, ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ನೆನಪಿಗೆ ರಂಗಮಂದಿರವೇ ಇರುವ ರಾಯಚೂರಿನಲ್ಲಿ ಹಿಂದೂಸ್ತಾನಿಯ ಕಿವಿಯೂ ಹೆಚ್ಚಾಗಿ ನನಗೆ ಕಂಡಿರುವುದಕ್ಕೆ ಈ ಚರಿತ್ರೆಯೂ ಒಂದು ಕಾರಣವೆಂದು ತಿಳಿಯುತ್ತೇನೆ. ವಿಮರ್ಶಕನಿಗೆ ಎರಡೂ ಬೇಕು, ಏಕೆಂದರೆ ಒಂದೇ ಹೆಸರು ಎರಡು ಪದ್ಧತಿಗಳಲ್ಲಿ ಎರಡು ರಾಗಗಳಿಗಿದೆ. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿಗೆ ಹೊಂದುತ್ತವೆ; ಹಿಂದೂಸ್ತಾನಿಯ ತೋಡಿ ಕರ್ನಾಟಕ ಪದ್ಧತಿಯ ಶುಭಪಂತುವರಾಳಿಗೆ ಹತ್ತಿರ. ಕರ್ನಾಟಕದ ಹಿಂದೋಳ ಅಲ್ಲಿ ಮಾಲಕೌಂಸ್ ಆಗುತ್ತದೆ, ಅಲ್ಲಿಯ ಹಿಂದೋಲ್ ಬೇರೆಯೇ ರಾಗ. ನಾನು ಬರೆಯತೊಡಗಿದ ಹೊಸದರಲ್ಲಿ, ಹಿಂದೂಸ್ತಾನಿ ಗಾಯಕರೊಬ್ಬರು ತೋಡಿಯಲ್ಲಿ, ಕರ್ನಾಟಕ ಪದ್ಧತಿಯ ತೋಡಿಗಿಲ್ಲದ ತೀವ್ರ ಮಧ್ಯಮ (ಏರಿಸಿದ ‘ಮ’ ಸ್ವರ) ಹಚ್ಚಿದ್ದನ್ನು ಕೇಳಿ ಅವರು ಸ್ವರ ತಪ್ಪಿದರೆಂದು ಬರೆದುಬಿಟ್ಟೆ. ತಪ್ಪಿದ್ದವನು ನಾನು. ಮರುವಾರ ತಿದ್ದುಪಡಿ ಅಚ್ಚಾಯಿತು; ಮೊದಲ ಬರಹ ಓದಿದವರೆಲ್ಲ ಅದನ್ನು ಓದಿರಲಾರರು ಎಂಬ ಸಂಕಟ ಮಾತ್ರ ಇಂದಿಗೂ ಹೋಗಿಲ್ಲ. ಆದ್ದರಿಂದ ರಾಗ ಗುರುತು ಸಿಗದಿದ್ದರೆ ಊಹಿಸಬೇಡಿ. ಕಛೇರಿ ಮುಗಿದ ಮೇಲೆ ಹಾರ್ಮೋನಿಯಂ ಅಥವಾ ಪಿಟೀಲಿನವರ ಬಳಿ ಹೋಗಿ ವಿನಯದಿಂದ ಕೇಳಿ, ಸಂತೋಷದಿಂದ ಹೇಳುತ್ತಾರೆ.

ಚಿತ್ರ, ಶಿಲ್ಪ, ಗೊಂಬೆಗಳ ಬಗ್ಗೆ ಬರೆಯುವ ಮುನ್ನ ಅವು ಆಗುವ ಜಾಗಕ್ಕೆ ಹೋಗಿ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರ ಮನೆಯ ಜಗುಲಿಯ ಮೇಲೆ ಅರ್ಧ ದಿನ ಕುಳಿತರೆ ಸಾಕು: ಹಗುರ ಮರದ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಸೆಣಬು ಮತ್ತು ಮರದ ಹೊಟ್ಟಿನಿಂದ ಮಾಡಿದ ಕಿಟ್ಟವನ್ನು ಮೈತುಂಬ ಬಳಿದು, ಹತ್ತಿಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಪುಡಿಯ ಲೇಪ ಕೊಟ್ಟು, ಆಮೇಲಷ್ಟೇ ಬಣ್ಣ ಹಚ್ಚುವುದನ್ನು ನೋಡುತ್ತೀರಿ. ಇದನ್ನು ಕಂಡವರು ಆಭರಣದ ಉಬ್ಬುಗೆಲಸ ಎಲ್ಲಿ ನಯವಾಗಿದೆ, ಅವಸರದಲ್ಲಿ ಲೇಪ ಒಣಗುವ ಮೊದಲೇ ಬಣ್ಣ ಬಿದ್ದದ್ದು ಎಲ್ಲಿ ಎಂದು ಹೇಳಬಲ್ಲರು. ಕಾಣದವರು ‘ಮನಮೋಹಕ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ.

ಪ್ರಶ್ನೆ: ನಮ್ಮೂರಿನ ಬಯಲಾಟದ ಬಗ್ಗೆ ‘ವೇಗವಿಲ್ಲ, ಅಭಿನಯ ಅತಿರೇಕ’ ಎಂದು ಬರೆದೆ. ತಂಡದವರು ನೊಂದುಕೊಂಡು ಮಾನನಷ್ಟದ ಮೊಕದ್ದಮೆ ಹಾಕುವ ಮಾತನ್ನೂ ಆಡಿದ್ದಾರೆ. ನಾನು ತಪ್ಪು ಮಾಡಿದೆನೇ?
– ಓದುಗರು, ಮಾನ್ವಿ

ಉತ್ತರ: ಮೊಕದ್ದಮೆಯ ಹೆದರಿಕೆ ಬೇಡ. ಭಾರತೀಯ ನ್ಯಾಯ ಸಂಹಿತೆ, 2023ರ 356ನೇ ಕಲಮಿನಲ್ಲಿ ಮಾನಹಾನಿಗೆ ಕೊಟ್ಟಿರುವ ವಿನಾಯಿತಿಗಳಲ್ಲಿ ಇದೂ ಒಂದು: ಸಾರ್ವಜನಿಕರ ತೀರ್ಮಾನಕ್ಕೆ ಒಪ್ಪಿಸಿದ ಪ್ರದರ್ಶನದ ಗುಣದೋಷಗಳ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯ ಅಪರಾಧವಲ್ಲ. ರಂಗವೇರಿದ ನಟನ ನಟನೆಯನ್ನು ವಿಮರ್ಶಿಸಬಹುದು, ಅವನ ಖಾಸಗಿ ಬದುಕನ್ನಲ್ಲ.

ಆದರೂ ನಿಮ್ಮ ವಿಮರ್ಶೆ ಆ ತಂಡಕ್ಕೆ ನ್ಯಾಯ ಮಾಡಿಲ್ಲ ಎಂದೇ ನನ್ನ ಅಭಿಪ್ರಾಯ. ನಟ ಬಳ್ಳಾರಿ ರಾಘವರ (1880–1946) ಹೆಸರಿನ ಜೊತೆಗೆ ನಾವು ನೆನೆಯುವ ಸಹಜಾಭಿನಯದ ಅಳತೆಯನ್ನು ನೀವು ಬಯಲಾಟಕ್ಕೆ ಹಚ್ಚಿದ್ದೀರಿ. ಕಿರೀಟ, ಭುಜಕೀರ್ತಿಗಳ ಭಾರ ಹೊತ್ತು, ಬಯಲಿನ ಕೊನೆಯಲ್ಲಿ ಕಂಬಳಿ ಹೊದ್ದು ಕುಳಿತವನಿಗೂ ತಲುಪಬೇಕಾದ ವೇಷಧಾರಿಗೆ ಎತ್ತರದ ದನಿ, ದೊಡ್ಡ ಹೆಜ್ಜೆಗಳೇ ವ್ಯಾಕರಣ. ಬೆಳಗಿನವರೆಗೆ ನಡೆಯುವ ಆಟದಲ್ಲಿ ವೇಗವನ್ನು ಹುಡುಕುವ ಬದಲು, ಭಾಗವತರು ಎತ್ತಿಕೊಟ್ಟ ಪದವನ್ನು (ಹಾಡನ್ನು) ಹಿಮ್ಮೇಳದವರು ಅದೇ ಶ್ರುತಿಯಲ್ಲಿ ಹಿಡಿದರೇ, ಕುಣಿತ ಮದ್ದಳೆಗೆ ಕೂಡಿತೇ, ಮಾತು ಪದದ ಅರ್ಥವನ್ನು ಬೆಳೆಸಿತೇ ಅಥವಾ ಬರೀ ಮತ್ತೊಮ್ಮೆ ಹೇಳಿತೇ ಎಂದು ಕೇಳಿಕೊಳ್ಳಬೇಕಿತ್ತು. ಈ ಪ್ರಶ್ನೆಗಳಲ್ಲಿ ತಂಡ ಸೋತಿದ್ದರೆ ಅಷ್ಟೇ ಕಟುವಾಗಿ ಬರೆಯಿರಿ. ಆಗ ಅವರಿಗೆ ನೋವಾದರೂ ಉಪಯೋಗಕ್ಕೆ ಬರುತ್ತದೆ.

ತೊಗಲುಗೊಂಬೆಯಾಟಕ್ಕೂ ಇದೇ ಮಾತು ಸಲ್ಲುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಬಹುಪಾಲು ಬರಹಗಳು ಅವರ ವಯಸ್ಸನ್ನೂ ಬಡತನವನ್ನೂ ಹೇಳಿದವು. ಪರದೆಯ ಹಿಂದಿನ ಬೆಳಕು ಹದ ಮಾಡಿದ ತೊಗಲಿನ ಮೂಲಕ ಹೇಗೆ ಹಾಯುತ್ತದೆ, ಗೊಂಬೆ ಪರದೆಯಿಂದ ಸ್ವಲ್ಪ ಸರಿದಾಗ ನೆರಳು ಏಕೆ ಮಸುಕಾಗುತ್ತದೆ, ಒಬ್ಬರೇ ಎಷ್ಟು ಪಾತ್ರಗಳಿಗೆ ದನಿ ಕೊಡುತ್ತಾರೆ ಎಂದು ಬರೆದವರು ವಿರಳ. ಕಲಾವಿದರಿಗೆ ಸಲ್ಲಬೇಕಾದ ಗೌರವ ಇಂಥ ವಿವರಗಳಲ್ಲಿದೆ.

ಪ್ರಶ್ನೆ: ಸಂಘಟಕರು ಶಾಲು ಹೊದಿಸಿ, ಪ್ರಯಾಣದ ಖರ್ಚು ಕೊಡಲು ಬರುತ್ತಾರೆ. ತೆಗೆದುಕೊಳ್ಳಬಹುದೇ? ಬರೆದ ವಿಮರ್ಶೆಯ ಹಕ್ಕು ಯಾರದು?
– ಓದುಗರು, ಗಂಗಾವತಿ

ಉತ್ತರ: ಪಾಸ್ ತೆಗೆದುಕೊಳ್ಳಿ, ಶಾಲು, ಹಣ ಬೇಡ. ಪ್ರಯಾಣದ ಖರ್ಚನ್ನು ಪತ್ರಿಕೆಯಿಂದ ಕೇಳಿ. ಸಂಭಾವನೆ, ಪದಮಿತಿ, ಬರಹ ತಲುಪಿಸುವ ದಿನ ಇವನ್ನೆಲ್ಲ ಮೊದಲೇ ಪತ್ರದಲ್ಲಿ ಖಚಿತಪಡಿಸಿಕೊಳ್ಳಿ. ನೀವು ಸಂಬಳದ ನೌಕರರಲ್ಲವಾದ್ದರಿಂದ, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದ ಮೊದಲ ಹಕ್ಕು ನಿಮ್ಮದೇ. ಅದನ್ನು ವರ್ಗಾಯಿಸಲು ಲಿಖಿತ ಒಪ್ಪಿಗೆ ಬೇಕು, ಮತ್ತು ಆ ಒಪ್ಪಿಗೆಯಲ್ಲಿ ಅವಧಿ ಹೇಳಿರದಿದ್ದರೆ ಐದು ವರ್ಷವೆಂದು ಲೆಕ್ಕ. ಮುಂದೆ ವಿಮರ್ಶೆಗಳನ್ನು ಕೂಡಿಸಿ ಪುಸ್ತಕ ಮಾಡುವ ಆಸೆಯಿದ್ದರೆ, ಸಹಿ ಹಾಕುವ ಮುನ್ನ ಆ ಸಾಲನ್ನು ಓದಿ ನೋಡಿ.