ಗಾಳಿ ಇದ್ದರೂ ಕೆಲವು ವಿಂಡ್‌ಮಿಲ್‌ಗಳು ಯಾಕೆ ನಿಂತಿರುತ್ತವೆ?

ದೀಪಾವಳಿ ರಜೆಯಲ್ಲಿ ಸಾತಾರಾ ಹತ್ತಿರದ ಚಾಳ್ಕೇವಾಡಿಗೆ ಹೋಗಿದ್ದೆ, ಗಾಳಿ ಬೀಸುತ್ತಿದ್ದರೂ ನಾಲ್ಕೈದು ವಿಂಡ್‌ಮಿಲ್ ಸುಮ್ನೆ ನಿಂತಿದ್ದವು, ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ. ನಾನು ಗದಗ ಕಡೆಯವನು. ಪುಣೆಯಲ್ಲಿ ಒಂದು ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂತು ಬೇರೆ ಬೇರೆ ಗುಡ್ಡಗಳ ಮೇಲಿನ ಟರ್ಬೈನ್‌ಗಳನ್ನು, ಅಂದರೆ ನೀವು ಹೇಳುವ ವಿಂಡ್‌ಮಿಲ್‌ಗಳನ್ನು, ನೋಡಿಕೊಳ್ಳುವುದೇ ನನ್ನ ಕೆಲಸ. ದಂಡ ಅಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ 8 ಪಟ್ಟಾಗುತ್ತದೆ. ಎಲ್ಲ ಲೆಕ್ಕವೂ ಇಲ್ಲಿಂದಲೇ ಶುರು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿಯೇ ಸುಗ್ಗಿ. ಆಗ ಒಂದು ಟರ್ಬೈನ್ ಅರ್ಧ ದಿನ ನಿಂತರೂ ಹೊಟ್ಟೆ ಉರಿಯುತ್ತದೆ. ದೀಪಾವಳಿ ಹೊತ್ತಿನ ತಂಗಾಳಿ ಮುಖಕ್ಕೆ ಹಿತ, ಆದರೆ ಅದರಿಂದ ಹುಟ್ಟುವ ಕರೆಂಟು ಕಡಿಮೆ. ಅದಕ್ಕೇ ಗ್ರೀಸ್, ಆಯಿಲ್, ಬೋಲ್ಟ್ ಬಿಗಿ ಮಾಡುವ ಕೆಲಸವನ್ನೆಲ್ಲ ಆಗ ಇಟ್ಟುಕೊಳ್ಳುತ್ತೇವೆ. ಗಾಳಿ ಜೋರಾಗಿದ್ದರೆ ಮೇಲೆ ಕೆಲಸ ಮಾಡುವುದೂ ಅಪಾಯ.

ಒಂದೇ ಸಾಲಿನವು ಒಟ್ಟಿಗೆ ನಿಂತಿದ್ದರೆ ಕಾರಣ ಬೇರೆ. ಅವೆಲ್ಲ ಒಂದೇ ಕರೆಂಟ್ ಲೈನಿಗೆ ಸೇರಿರುತ್ತವೆ. ಲೈನ್ ಟ್ರಿಪ್ ಆದರೆ, ಇಲ್ಲ ಸಬ್‌ಸ್ಟೇಷನ್‌ನಲ್ಲಿ ಶಟ್‌ಡೌನ್ ತೆಗೆದುಕೊಂಡರೆ, ಕರೆಂಟು ಹೋಗಲು ದಾರಿಯೇ ಇರುವುದಿಲ್ಲ.

ನನಗೆ ಈಗಲೂ ಇಷ್ಟವಾಗುವ ಕಾರಣ ಒಂದಿದೆ. ಗಾಳಿ ದಿಕ್ಕು ಬದಲಿಸಿದ ಹಾಗೆ ಟರ್ಬೈನಿನ ತಲೆಯೂ ತಿರುಗುತ್ತದೆ. ಒಂದೇ ಕಡೆಗೆ ತಿರುಗುತ್ತಾ ಹೋದರೆ ಒಳಗೆ ಇಳಿಬಿಟ್ಟ ಕೇಬಲ್‌ಗಳು ಹಗ್ಗದ ಹಾಗೆ ಹುರಿಗೊಳ್ಳುತ್ತವೆ. ಕೆಲವು ಸುತ್ತು ದಾಟಿದ ಮೇಲೆ ಯಂತ್ರ ತಾನೇ ನಿಂತು, ತಲೆಯನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ ಹುರಿ ಬಿಚ್ಚಿಕೊಂಡು, ಮತ್ತೆ ಗಾಳಿಗೆ ಮುಖ ಮಾಡುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ನೋಡಿ ಏನೋ ಕೆಟ್ಟಿದೆ ಅಂತ ರಾತ್ರಿ ಸೈಟಿಗೆ ಫೋನ್ ಮಾಡಿದ್ದೆ. ಅಲ್ಲಿದ್ದ ಹಿರಿಯರು, "ಸ್ವಲ್ಪ ತಡೀರಿ, ಅದೇ ಶುರುವಾಗುತ್ತೆ" ಅಂದರು. ಹಾಗೇ ಆಯಿತು.

ಇನ್ನು ಬಿರುಗಾಳಿಯಲ್ಲೂ ನಿಲ್ಲಿಸುತ್ತೇವೆ. ಸೆಕೆಂಡಿಗೆ 25 ಮೀಟರ್ ಆಸುಪಾಸು ದಾಟಿದರೆ ರೆಕ್ಕೆಗಳು ಅಂಚನ್ನು ಗಾಳಿಗೆ ಕೊಟ್ಟು ಸುಮ್ಮನಾಗುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಈ ಮಿತಿ ಇನ್ನೂ ಕಡಿಮೆ.

ಮುಂದಿನ ಸಲ ಹೋದಾಗ ನಿಂತ ಟರ್ಬೈನಿನ ಬುಡದಲ್ಲಿ ಜೀಪು ಇದೆಯಾ ನೋಡಿ. ಇದ್ದರೆ ಮೇಲೆ ನಮ್ಮ ಹುಡುಗರು ಕೆಲಸ ಮಾಡುತ್ತಿದ್ದಾರೆ ಅಂತ.